ಎಲ್ಲ ಏಟೂ ಕುದುರೆಯ ಲೆಕ್ಕಕ್ಕೆ

ನಮ್ಮ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಗಂಜಿ ಅಕ್ಕ ಅಂತಲೇ ಕರೆಯುವುದು. ಪೇಟೆಯ ದೊಡ್ಡ ಹೋಟೆಲುಗಳ ಹಾಸಿಗೆ ಬಟ್ಟೆ, ಮೇಜಿನ ಬಟ್ಟೆ, ದಿಂಬಿನ ಚೀಲ ಎಲ್ಲ ನಮ್ಮಲ್ಲಿಗೇ ಒಗೆಯಲು ಬರುತ್ತವೆ. ಮೇಜಿನ ಬಟ್ಟೆಗೆ ಗಂಜಿ ಹಾಕುವುದು ಅವಳ ಕೆಲಸ. ಗಂಜಿ ಹೆಚ್ಚಾದರೆ ಬಟ್ಟೆ ತಗಡಾಗುತ್ತದೆ, ಕಡಿಮೆಯಾದರೆ ಮೇಜಿನ ಮೇಲೆ ಸೋತು ಮಲಗುತ್ತದೆ. ಅವಳು ಬಕೆಟ್ಟಿನಲ್ಲಿ ಕೈ ಅದ್ದಿ, ಹೆಬ್ಬೆರಳಿಗೂ ತೋರುಬೆರಳಿಗೂ ಉಜ್ಜಿ ನೋಡಿ, "ಇನ್ನೊಂದು ಚೊಂಬು ನೀರು" ಅನ್ನುತ್ತಾಳೆ. ಅಲ್ಲಿಗೆ ಮಾತು ಮುಗಿಯಿತು. ಹೋಟೆಲಿನ ಮ್ಯಾನೇಜರು ಬಂದು ಕುಣಿದರೂ ಆ ಚೊಂಬು ಎರಡಾಗುವುದಿಲ್ಲ.

ನಾನು ಅವಳ ಜೋಡಿ. ಹಾಸಿಗೆ ಬಟ್ಟೆ ಒಬ್ಬರೇ ಮಡಿಸುವಂಥದ್ದಲ್ಲ. ಇಬ್ಬರು ಎದುರುಬದುರು ನಿಂತು ಎರಡೆರಡು ಮೂಲೆ ಹಿಡಿದು, ಕೈ ಮೇಲೆತ್ತಿ ಕೊಡವಿ, ಹತ್ತಿರ ಬಂದು ಮೂಲೆಗೆ ಮೂಲೆ ಸೇರಿಸಬೇಕು. ಇಡೀ ದಿನ ಒಂದೇ ಮುಖವನ್ನು ದೂರದಿಂದ ಹತ್ತಿರಕ್ಕೆ, ಹತ್ತಿರದಿಂದ ದೂರಕ್ಕೆ ನೋಡುವ ಕೆಲಸ ಇದು. ಅವಳ ಗಂಡನಿಗಿಂತ ಹೆಚ್ಚು ಹೊತ್ತು ಆ ಮುಖವನ್ನು ನಾನು ನೋಡಿದ್ದೇನೆ. ಕೆಲವು ದಿನ ಅವಳ ಎಡಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಆಗ ನಾನೂ ನನ್ನ ಮೂಲೆಗಳನ್ನು ಸೊಂಟದ ಮಟ್ಟಕ್ಕೆ ಇಳಿಸುತ್ತಿದ್ದೆ. ಬಾಯಿಬಿಟ್ಟು ಕೇಳಿಯೂ ನೋಡಿದ್ದೆ. "ನಿನ್ನ ಮೂಲೆ ಸರಿಯಾಗಿ ಹಿಡ್ಕೋ" ಅಂದಿದ್ದಳು.

ಅವಳ ಅಪ್ಪ ಬೀಗ ರಿಪೇರಿ ಮಾಡುತ್ತಿದ್ದ. ಅಮ್ಮ ತೀರಿಕೊಂಡ ಮೇಲೆ ಅತ್ತಿಗೆಯ ಕೈಕೆಳಗೆ ಬೆಳೆದಳು. ಅತ್ತಿಗೆ ಕೆಟ್ಟವಳಲ್ಲ, ಆದರೆ ಮನೆಯಲ್ಲಿ ಒಂದು ಬಾಯಿ ಕಡಿಮೆಯಾದರೆ ಬೇಜಾರು ಮಾಡಿಕೊಳ್ಳುವವಳೂ ಅಲ್ಲ. ಹಾಗಾಗಿ ಇವಳು ಶಾಲೆ ಬಿಟ್ಟವಳೇ ಲಾಂಡ್ರಿಗೆ ಸೇರಿದಳು. ಆಗ ಹೋಟೆಲುಗಳಿಂದ ಬಟ್ಟೆಯ ಗಂಟುಗಳನ್ನು ತರುತ್ತಿದ್ದದ್ದು ಕುದುರೆ ಗಾಡಿ. ಗಾಡಿಯವನು ಹಿತ್ತಲ ಬಾಗಿಲಲ್ಲಿ ಗಂಟು ಇಳಿಸುತ್ತಾ, "ಇದರಲ್ಲಿ ಇಬ್ಬರು ಪ್ರವಾಸಿಗಳು ಇನ್ನೂ ಮಲಗಿದ್ದಾರೆ, ಮೆಲ್ಲಗೆ ಬಿಚ್ಚಿ" ಅನ್ನುವಂಥ ಮನುಷ್ಯ. ಅವನ ಮಾತಿಗೆ ನಗದವರಿರಲಿಲ್ಲ. ನಾನೂ ನಕ್ಕಿದ್ದೇನೆ, ಸುಳ್ಳೇಕೆ ಹೇಳಲಿ. ಗಂಜಿ ಅಕ್ಕ ಮಾತ್ರ ನಗು ತಡೆದುಕೊಂಡು ಗಂಟು ಎಣಿಸುತ್ತಿದ್ದಳು. ಬಹುಶಃ ಅದಕ್ಕೇ ಅವನ ಕಣ್ಣು ಅವಳ ಮೇಲೆ ಬಿತ್ತು. ಮದುವೆಯಾಯಿತು.

ಅವನ ಮನೆ ಪೇಟೆಯ ಹಿಂದಿನ ಇಕ್ಕಟ್ಟು ಬೀದಿಯಲ್ಲಿ. ಮುಂದೆ ಎರಡು ಕೋಣೆ, ಹಿಂದೆ ತಗಡು ಹೊದಿಸಿದ ಕುದುರೆ ಲಾಯ, ನಡುವೆ ಒಂದು ನಲ್ಲಿ. ಮನೆಯಲ್ಲಿ ಅತ್ತೆ. ಅತ್ತೆ ಗಾಡಿಯವರ ಮನೆಯಲ್ಲೇ ಹುಟ್ಟಿ, ಗಾಡಿಯವನನ್ನೇ ಕಟ್ಟಿಕೊಂಡು, ಗಾಡಿಯವನನ್ನೇ ಹೆತ್ತವರು. ಸೊಸೆಯನ್ನು ಕಂಡರೆ ಪ್ರಾಣ. ಇವಳು ಕೆಲಸ ಮುಗಿಸಿ ಬರುವ ಹೊತ್ತಿಗೆ ಬಿಸಿನೀರು ಕಾಯಿಸಿಟ್ಟು, ಗಂಜಿಯಿಂದ ಬಿರಿದ ಬೆರಳುಗಳಿಗೆ ತಾವೇ ಎಣ್ಣೆ ಸವರುತ್ತಿದ್ದರು. ಇಂಥ ಅತ್ತೆ ಸಿಕ್ಕರೆ ಯಾರಾದರೂ ಗಂಡನ ಅರ್ಧ ತಪ್ಪು ಮಾಫಿ ಮಾಡಿಯಾರು. ಉಳಿದರ್ಧದ್ದೇ ತೊಂದರೆ.

ಲಾಯದಲ್ಲಿ ಬೂದು ಬಣ್ಣದ ಒಂದು ಹೆಣ್ಣು ಕುದುರೆ. ಅದಕ್ಕೆ ಹೆಸರಿಟ್ಟಿರಲಿಲ್ಲ, "ಏಯ್" ಅಂದರೆ ತಿರುಗುತ್ತಿತ್ತು. ಅವನು ಹೆಂಡತಿಯನ್ನು ಕರೆಯುತ್ತಿದ್ದದ್ದೂ ಹಾಗೇ. ಅದರಿಂದ ಆ ಮನೆಯಲ್ಲಿ ಒಂದು ಸಲ ಏಯ್ ಅಂದರೆ ಎರಡು ತಲೆ ತಿರುಗುತ್ತಿದ್ದವು. ಇದನ್ನು ಅವಳೇ ನಗುತ್ತಾ ನನಗೆ ಹೇಳಿದ್ದಳು. ನನಗೆ ನಗು ಬರಲಿಲ್ಲ.

ನಮ್ಮ ಮಾಲೀಕರು ವ್ಯಾನು ಕೊಂಡ ಮೇಲೆ ಗಾಡಿಯವನಿಗೆ ಬಟ್ಟೆಯ ಕೆಲಸ ತಪ್ಪಿತು. ತರಕಾರಿ ಮಂಡಿಯ ಸರಕು ಹೊರತೊಡಗಿದ. ಬಟ್ಟೆಗೂ ಆಲೂಗೆಡ್ಡೆಗೂ ಭಾರದಲ್ಲಿ ಎಷ್ಟು ವ್ಯತ್ಯಾಸ ಅಂತ ಅವನಿಗೆ ಗೊತ್ತಿತ್ತು, ಕುದುರೆಗೂ ಗೊತ್ತಾಯಿತು. ಮಂಡಿಗೆ ಹೋಗುವ ದಾರಿ ಏರು. ವಯಸ್ಸಾದ ಕುದುರೆ ಏರಿನ ನಡುವೆ ನಿಂತುಬಿಡುತ್ತಿತ್ತು. ಹಿಂದಿನಿಂದ ಲಾರಿಯವರು ಹಾರ್ನು ಹೊಡೆಯುವರು, ಮುಂದಿನಿಂದ ಅಂಗಡಿಯವರು ಗೇಲಿ ಮಾಡುವರು. ನಗಿಸುವುದರಲ್ಲಿ ಎತ್ತಿದ ಕೈ ಅನ್ನಿಸಿಕೊಂಡಿದ್ದವನು ಈಗ ನಗೆಪಾಟಲಾದ. ಆ ಸಿಟ್ಟು ದಾರಿಯಲ್ಲಿ ಕುದುರೆಗೆ, ಮನೆಯಲ್ಲಿ ಹೆಂಡತಿಗೆ. ಇದು ಯಾವ ದಿನ ಶುರುವಾಯಿತು ಅಂತ ಅವಳಿಗೂ ನೆನಪಿಲ್ಲ.

ಒಂದು ಸಂಜೆ ಏರಿನಲ್ಲಿ ಕುದುರೆ ಮಂಡಿಯೂರಿ ಬಿತ್ತು. ಟೊಮೆಟೊ ಬುಟ್ಟಿಗಳು ಚರಂಡಿ ಪಾಲಾದವು. ಗಾಡಿಯವನು ಅಲ್ಲಿ ತುಟಿ ಪಿಟಕ್ಕೆನ್ನದೆ ಕುದುರೆಯನ್ನು ಮನೆಗೆ ನಡೆಸಿಕೊಂಡು ಬಂದ. ಲಾಯದ ಕಂಬಕ್ಕೆ ಬಿಗಿದ. ಗಾಡಿಯ ಪಕ್ಕದ ಹಲಗೆಗೆ ಆನಿಸುವ ಗೂಟ ಇರುತ್ತದಲ್ಲ, ಅದನ್ನು ಕಿತ್ತುಕೊಂಡ. ಗಂಜಿ ಅಕ್ಕ ಕುದುರೆಗೆ ನೀರು ತೆಗೆದುಕೊಂಡು ಹೋದವಳು, ಅದರ ಕಣ್ಣಿನ ಮೇಲೆ ಏಟು ಬೀಳುವುದನ್ನು ಕಂಡು "ಸಾಕು ಬಿಡಿ" ಅಂದಳು. ಅಷ್ಟೇ ಅಂದದ್ದು. ಅವನು ಕುದುರೆಯನ್ನು ಬಿಟ್ಟ, ಇವಳ ಕಡೆ ತಿರುಗಿದ.

"ಕುದುರೆನ ಕಟ್ಟಿಹಾಕಿದ್ರು. ನನ್ನನ್ನ ಯಾರೂ ಕಟ್ಟಿರಲಿಲ್ಲ. ಆದ್ರೂ ನಾನು ಓಡಲಿಲ್ಲ ನೋಡು" ಅಂತ ಆಮೇಲೆ ಒಂದು ದಿನ, ದಿಂಬಿನ ಚೀಲ ಮಡಿಸುವಾಗ ಅಂದಳು. ಗೋಡೆಯಾಚೆಯ ಸೈಕಲ್ ಅಂಗಡಿಯವನು ಸದ್ದು ಕೇಳಿ ಪೊಲೀಸರಿಗೆ ಫೋನು ಮಾಡಿದ. ಅವರು ಬಂದಾಗ ಗಾಡಿಯವನು ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದನಂತೆ.

ಕೇಸು ಎರಡಾಯಿತು. ಹೆಂಡತಿಯ ಮಣಿಕಟ್ಟು ಮುರಿದದ್ದು, ಕೊರಳ ಕೆಳಗಿನ ಮೂಳೆ ಮುರಿದದ್ದು, ಬೆನ್ನು ಬಾಸುಂಡೆ ಎದ್ದದ್ದು ಒಂದು ಕೇಸು. ಕುದುರೆಯ ಒಂದು ಕಣ್ಣು ಹೋದದ್ದು, ಪಕ್ಕೆ ಮುರಿದದ್ದು ಇನ್ನೊಂದು. ಕುದುರೆಯನ್ನು ಊರಾಚೆಯ ಪ್ರಾಣಿಗಳ ಆಶ್ರಯಕ್ಕೆ ಸಾಗಿಸಿದರು. ಗಾಡಿಯವನಿಗೆ ಜಾಮೀನು ಸಿಕ್ಕಿತು. ಆದರೆ ತೀರ್ಪಾಗುವವರೆಗೆ ಮನೆಯ ಹೊಸ್ತಿಲು ತುಳಿಯಬಾರದು ಅಂತ ಕೋರ್ಟು ಹೇಳಿತು. ಅವನು ಮಂಡಿಯ ಗೋದಾಮಿನಲ್ಲಿ ಮಲಗತೊಡಗಿದ.

ಆ ತಿಂಗಳುಗಳಲ್ಲಿ ಗಂಜಿ ಅಕ್ಕ ಕೈಗೆ ಪ್ಲಾಸ್ಟರು ಹಾಕಿಕೊಂಡೇ ಲಾಂಡ್ರಿಗೆ ಬಂದಳು. ಗಂಜಿ ಹದ ನೋಡಲು ಒಂದು ಕೈ ಸಾಕು ಅಂದಳು. ಮುಖ ತುಂಬಿಕೊಂಡಿತು. "ರಾತ್ರಿ ಮಲಗಿದ್ರೆ ಬೆಳಗಾಗೋವರೆಗೂ ನಿದ್ದೆ ಬರುತ್ತೆ ಕಣೇ. ಇದು ಇಷ್ಟು ಸುಲಭ ಅಂತ ಗೊತ್ತೇ ಇರಲಿಲ್ಲ" ಅಂದಳು. ಕೇಸಿನಲ್ಲಿ ಬೇರೆಯವರಿಗೆ ನ್ಯಾಯ, ಕಾನೂನು, ಮಾನ ಮರ್ಯಾದೆ ಏನೇನು ಕಾಣುತ್ತಿತ್ತೋ. ಅವಳಿಗೆ ಕಾಣುತ್ತಿದ್ದದ್ದು ಒಂದೇ: ತೀರ್ಪಿನ ದಿನ ಅವನು ಮನೆಗೆ ಬರುತ್ತಾನೋ ಇಲ್ಲವೋ.

ಅವನ ಕಡೆಯ ವಕೀಲ ಸದಾ ಪೆಪ್ಪರ್‌ಮಿಂಟ್ ಚೀಪುವ, ಯಾರ ಮನೆಗೆ ಹೋದರೂ ಒಳ್ಳೆಯ ಕುರ್ಚಿಯಲ್ಲೇ ಕೂರುವ ಆಸಾಮಿ. ಒಂದು ರಜಾದಿನ ಅವನು ಮನೆಗೆ ಬಂದಾಗ ನಾನೂ ಅಲ್ಲಿದ್ದೆ. ಅಕ್ಕನ ತಲೆ ಬಾಚಲು ಹೋಗಿದ್ದೆ, ಒಂದು ಕೈಯಲ್ಲಿ ಅವಳಿಗೆ ಆಗುತ್ತಿರಲಿಲ್ಲ.

"ಹೆಂಡತಿ ಕೇಸು ಗಟ್ಟಿ ಇದೆ. ಆದ್ರೆ ಹೆಂಡತಿ ಬೇಡ ಅಂದ್ರೆ ಬಿದ್ದುಹೋಗುತ್ತೆ. ಕುದುರೆ ಕೇಸು ಸರ್ಕಾರದ್ದು, ಕುದುರೆ ಬಂದು ಬೇಡ ಅನ್ನೋಕಾಗಲ್ಲವಲ್ಲ" ಅಂತ ತನ್ನ ಮಾತಿಗೆ ತಾನೇ ನಕ್ಕ.

"ಕುದುರೆಗೆ ಹೊಡೆಯೋದೂ ಒಂದು ಕೇಸಾ?" ಅಂದರು ಅತ್ತೆ. ನಿಜಕ್ಕೂ ಅರ್ಥವಾಗದೆ ಕೇಳಿದ್ದು. "ಹಾಗಿದ್ರೆ ನಮ್ಮ ವಂಶವೆಲ್ಲ ಜೈಲಲ್ಲೇ ಇರಬೇಕಿತ್ತು. ಗಾಡಿ ಹೊಡೀತೀವಿ ಅನ್ನೋದೇ ಅದಕ್ಕೆ ತಾನೇ?"

"ಅದೇ ನಾನು ಹೇಳೋದು ಅಮ್ಮ. ಅದು ಚಿಲ್ಲರೆ ಕೇಸು."

"ಹಾಗಾದ್ರೆ ಏಟೆಲ್ಲ ಕುದುರೆ ಮೇಲೇ ಹಾಕಿಬಿಡಿ" ಅಂದರು ಅತ್ತೆ. ಆ ಉಪಾಯ ಹೊಳೆದದ್ದು ಅವರಿಗೇ, ವಕೀಲನಿಗಲ್ಲ. ಮಗ ಕುದುರೆಗೆ ಹೊಡೆಯುತ್ತಿದ್ದ, ಸೊಸೆ ಅಡ್ಡ ಬಂದಳು, ಕುದುರೆಗೆ ಬೀಳಬೇಕಾದ ಏಟು ಅವಳಿಗೆ ತಗುಲಿತು. ವಕೀಲ ಪೆಪ್ಪರ್‌ಮಿಂಟನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಸರಿಸಿ ಯೋಚಿಸಿದ. "ಚೆನ್ನಾಗಿದೆ. ಕುದುರೆಗೆ ಹೊಡೆದೆ ಅಂತ ಇವನು ಒಪ್ಪಿಕೊಳ್ಳಲಿ. ದಂಡ ಹಾಕ್ತಾರೆ, ಮಧ್ಯಾಹ್ನದ ಊಟಕ್ಕೆ ಮನೇಲಿರ್ತಾನೆ" ಅಂದ. ಗಾಡಿಯವರ ಮನೆಯವರಿಗಲ್ಲದೆ ಇನ್ಯಾರಿಗೂ ಈ ಬುದ್ಧಿ ಹೋಗುತ್ತಿರಲಿಲ್ಲ. ಕುದುರೆಯ ಮೇಲೆ ಎಷ್ಟು ಏಟು ಹೇರಿದರೂ ಭಾರವಾಗುವುದಿಲ್ಲ ಅನ್ನುವುದು ಅವರಿಗೆ ಹಾಲು ಕುಡಿಯುವಾಗಲೇ ಬಂದ ನಂಬಿಕೆ.

ಅತ್ತೆ ಸೊಸೆಯ ಪಕ್ಕದಲ್ಲಿ ಬಂದು ಕೂತು, ಪ್ಲಾಸ್ಟರಿನ ಮೇಲೆ ಕೈಯಿಟ್ಟರು. "ನೀನೂ ನನ್ನ ಮಗಳೇ, ಅವನೂ ನನ್ನ ಮಗನೇ. ಒಬ್ಬರ ಕೈಯಿಂದ ಒಬ್ಬರನ್ನ ಜೈಲಿಗೆ ಕಳಿಸೋದನ್ನ ನನಗೆ ತೋರಿಸಬೇಡ ತಾಯಿ" ಅಂದರು. ಗಂಜಿ ಅಕ್ಕ ಆ ಕೈಯನ್ನು ನೋಡಿದಳು. ಆಮೇಲೆ "ಆಯ್ತು" ಅಂದಳು. ಹೋಗಿ ಕೋರ್ಟಿನಲ್ಲಿ ಹಾಗೇ ಹೇಳಿಯೂ ಬಂದಳು: ನನ್ನ ಗಂಡ ನನಗೆ ಹೊಡೆದಿಲ್ಲ, ಏಟೆಲ್ಲ ಕುದುರೆಗೆ, ನಾನು ನಡುವೆ ಹೋದೆ. ಹೆಂಡತಿಯ ಕೇಸು ಮುಚ್ಚಿಹೋಯಿತು. ಗಾಡಿಯವನು ಎದ್ದು ನಿಂತು, ಎಲ್ಲ ಏಟೂ ಕುದುರೆಗೇ ಹೊಡೆದದ್ದು, ತಪ್ಪಾಯಿತು ಅಂತ ಒಪ್ಪಿಕೊಂಡ. ಶಿಕ್ಷೆ ಹೇಳುವುದನ್ನು ಮುಂದಿನ ವಾರಕ್ಕೆ ಇಟ್ಟರು.

ನನಗೆ ಮೈಯೆಲ್ಲ ಉರಿದುಹೋಯಿತು. ಮಾರನೆಯ ದಿನ ಬಟ್ಟೆ ಕೊಡವಿದ ರಭಸಕ್ಕೆ ಆಗಷ್ಟೇ ಪ್ಲಾಸ್ಟರು ಬಿಚ್ಚಿದ ಅವಳ ಕೈಯಿಂದ ಎರಡು ಸಲ ಮೂಲೆ ತಪ್ಪಿತು.

"ನಿನಗೇನು ತಲೆ ಕೆಟ್ಟಿದೆಯಾ ಅಕ್ಕ?" ಅಂದೆ.

"ನನ್ನ ಮಾತಿಂದ ಒಳಗೆ ಹೋದ ಅಂತಿಟ್ಕೋ. ಹೊರಗೆ ಬಂದ ದಿನ ಮೊದಲು ಯಾರ ಹತ್ರ ಬರ್ತಾನೆ?"

ಅವಳ ಮಾತು ಸರಿಯಿದ್ದರೂ ನನ್ನ ಸಿಟ್ಟು ಹೋಗಲಿಲ್ಲ. ಆ ವಾರವೆಲ್ಲ ಅವಳ ಕಣ್ಣಿನ ಕೆಳಗೆ ಮತ್ತೆ ಕಪ್ಪು ಕಾಣಿಸಿತು. ದಂಡ ಕಟ್ಟಿದ ಸಂಜೆಯೇ ಅವನು ಮನೆಯಲ್ಲಿರುತ್ತಾನೆ. ಹೊಸ ಕುದುರೆಗೆ ಮಾತುಕತೆಯೂ ನಡೆದಿತ್ತು. ಅತ್ತೆ ಲಾಯ ಗುಡಿಸಿಟ್ಟಿದ್ದರು.

ಶಿಕ್ಷೆಯ ದಿನ ನಾನು ರಜೆ ಹಾಕಿ ಅವಳ ಜೊತೆ ಹೋದೆ. ಕೋರ್ಟಿನ ಕೋಣೆ ನಾನು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ನಮ್ಮ ಇಸ್ತ್ರಿ ಕೋಣೆಯಷ್ಟೇ. ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ನ್ಯಾಯಾಧೀಶರ ಕಡೆಗೇ ಹೋಗುತ್ತಿತ್ತು. ಅವರು ವಯಸ್ಸಾದವರು, ನೆಗಡಿ ಬೇರೆ. ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಂಡು ಕುಡಿಯುತ್ತಾ, ಮೊದಲು ಪ್ರಾಣಿಗಳ ಡಾಕ್ಟರು ಬರೆದದ್ದನ್ನು ಓದಿದರು. ಆಮೇಲೆ ಆಸ್ಪತ್ರೆಯವರು ಗಂಜಿ ಅಕ್ಕನ ಬಗ್ಗೆ ಬರೆದದ್ದನ್ನೂ ಓದಿದರು. ವಕೀಲನ ಬಾಯಲ್ಲಿದ್ದ ಪೆಪ್ಪರ್‌ಮಿಂಟ್ ಅಲ್ಲಿಗೆ ನಿಂತಿತು. ಆ ಎರಡನೆಯದು ಮುಗಿದ ಕಥೆ ಅಂತ ಅವನು ತಿಳಿದಿದ್ದ.

"ನಿಮ್ಮ ಹೆಂಡತಿಯ ಮಣಿಕಟ್ಟು ನಡುವೆ ಸಿಕ್ಕಿ ಮುರಿಯಿತು. ಅಲ್ಲಿಗೆ ಕೈ ನಿಲ್ಲಲಿಲ್ಲ. ಕೊರಳ ಮೂಳೆಗೆ ಬಿತ್ತು. ಆಮೇಲೆ ಬೆನ್ನಿಗೆ ಬಿತ್ತು. ಇವೆಲ್ಲವೂ ಕುದುರೆಗೆ ಅಂತ ಬೀಸಿದ ಏಟುಗಳು. ಹೌದಲ್ಲವೇ?" ಅಂತ ನ್ಯಾಯಾಧೀಶರು ಗಾಡಿಯವನನ್ನು ಕೇಳಿದರು.

"ಹೌದು ಸ್ವಾಮಿ" ಅಂದ ಅವನು. ಹೇಳಿಕೊಟ್ಟದ್ದು ಅಷ್ಟೇ.

"ಅಂದರೆ ನಡುವೆ ಒಬ್ಬ ಹೆಂಗಸಿನ ಎರಡು ಮೂಳೆ ಮುರಿದರೂ ನಿಮ್ಮ ಕೈ ನಿಲ್ಲಲಿಲ್ಲ. ಕಂಬಕ್ಕೆ ಕಟ್ಟಿದ ಪ್ರಾಣಿಗೆ ಅಷ್ಟು ಏಟು ಇನ್ನೂ ಬಾಕಿ ಇಟ್ಟಿದ್ದಿರಿ. ಇದು ದಂಡ ಕಟ್ಟಿ ಮನೆಗೆ ಹೋಗುವಂಥ ವಿಷಯ ಅಂತ ನನಗೆ ಅನ್ನಿಸುವುದಿಲ್ಲ." ಅವರು ಮೂಗು ಒರೆಸಿಕೊಂಡರು. "ಶಿಕ್ಷೆ ಹೇಳುವ ಮೊದಲು ನಿಮಗೆ ಏನಾದರೂ ಹೇಳುವುದಿದೆಯೇ? ಈ ಏಟುಗಳಲ್ಲಿ ಯಾವುದಾದರೂ ನೀವು ಒಪ್ಪಿದ್ದಕ್ಕಿಂತ ಬೇರೆ ರೀತಿ ಬಿದ್ದದ್ದೇ?"

ಅವರಿಗೆ ನಿಜ ಗೊತ್ತಿತ್ತೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಗಾಡಿಯವನು ಹೆಂಡತಿಯ ಕಡೆ ನೋಡಿದ. ವಕೀಲ ಧಡಕ್ಕನೆ ಎದ್ದು ಹತ್ತು ನಿಮಿಷ ಸಮಯ ಕೇಳಿದ. ಕೊಟ್ಟರು.

ಹೊರಗಿನ ಮೊಗಸಾಲೆಯಲ್ಲಿ ವಕೀಲ ಅವಳನ್ನು ಕಿಟಕಿಯ ಹತ್ತಿರ ನಿಲ್ಲಿಸಿಕೊಂಡ. ಅತ್ತೆ ಅವಳ ತೋಳು ಹಿಡಿದುಕೊಂಡರು. ನಾನು ಪಕ್ಕದಲ್ಲೇ ಇದ್ದೆ, ಹೋಗು ಅಂದರೂ ಹೋಗಲಿಲ್ಲ.

"ನೋಡಿಮ್ಮಾ, ಒಂದೇ ಮಾತು. ನಾಲ್ಕು ಏಟು ನನಗೇ ಹೊಡೆದದ್ದು, ಗಂಡ ಹೆಂಡತಿ ಜಗಳ, ನಾನು ಕ್ಷಮಿಸಿದ್ದೀನಿ ಅಂತ ಹೇಳಿಬಿಡಿ. ನಿಮ್ಮ ಕೇಸು ಹೇಗೂ ಮುಚ್ಚಿಹೋಗಿದೆ, ಅದನ್ನ ಮತ್ತೆ ತೆಗೆಯೋ ಹಾಗಿಲ್ಲ. ಆ ಏಟುಗಳು ನಿಮ್ಮ ಕಡೆ ಬಂದುಬಿಟ್ರೆ ಯಾರ ಲೆಕ್ಕಕ್ಕೂ ಸೇರಲ್ಲ. ಕುದುರೆ ಕಡೆ ಇದ್ರೆ ಜೈಲು."

"ನನ್ನ ಕಡೆ ಬಂದ್ರೆ ಲೆಕ್ಕಕ್ಕೆ ಸೇರಲ್ಲ" ಅಂತ ಗಂಜಿ ಅಕ್ಕ ಅವನ ಮಾತನ್ನೇ ಹೇಳಿದಳು.

"ಹೂಂ. ಅಲ್ಲದೆ ಅದು ನಿಜಾನೇ ಅಲ್ವೇನಮ್ಮ?"

"ನಿಜ."

"ಮತ್ತಿನ್ನೇನು?"

ಅತ್ತೆ ಅವಳ ತೋಳನ್ನು ಮೆಲ್ಲಗೆ ಅಲುಗಿಸಿದರು. "ಹೇಳಿಬಿಡು ತಾಯಿ. ಹೊಡೆದ ಅಂತ ಹೇಳಿಬಿಡು" ಅಂದರು. ಕೆಲವೇ ವಾರಗಳ ಹಿಂದೆ ಹೊಡೆದಿಲ್ಲ ಅಂತ ಹೇಳು ಅಂದದ್ದೂ ಇದೇ ಬಾಯಿ, ಇದೇ ಪ್ರೀತಿ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವಳು ಅತ್ತೆಯ ಕೈಯನ್ನು ಬಿಡಿಸಿಕೊಂಡು, ಹಾಗೇ ತನ್ನ ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದಳು.

ನ್ಯಾಯಾಧೀಶರು ಮೊದಲು ಗಾಡಿಯವನನ್ನೇ ಮತ್ತೆ ಕೇಳಿದರು. "ಹೇಳಿ. ನಿಮಗೆ ಹೇಳುವುದೇನಾದರೂ ಇದೆಯೇ?"

ಅವನು ಕಟಕಟೆಯ ಮರವನ್ನು ಉಗುರಿನಿಂದ ಕೆರೆದ. ಕೋಣೆಯ ತುಂಬ ಜನ. ಬೇರೆ ಬೇರೆ ಕೇಸಿನವರು, ಮಂಡಿಯಿಂದ ಬಂದ ಅವನ ಇಬ್ಬರು ಗೆಳೆಯರು, ಬಾಗಿಲಲ್ಲಿ ಪೊಲೀಸಿನವರು. ಹೆಂಡತಿಗೆ ಹೊಡೆದೆ ಅಂತ ಇಷ್ಟು ಜನರ ಮುಂದೆ ಹೇಳಬೇಕಿತ್ತು. ಅಷ್ಟು ಹೇಳಿದ್ದರೆ ಅವನ ಜೈಲು ತಪ್ಪುತ್ತಿತ್ತೇನೋ. "ನನ್ನದೇನಿಲ್ಲ ಸ್ವಾಮಿ. ಅವಳು ಹೇಳ್ತಾಳೆ" ಅಂದ.

ನ್ಯಾಯಾಧೀಶರು ಅವಳ ಕಡೆ ತಿರುಗಿದರು. "ನೀವು ಏನಾದರೂ ಹೇಳುತ್ತೀರಾ ಅಮ್ಮ?"

ಗಂಜಿ ಅಕ್ಕ ಎದ್ದಳು. ಪ್ಲಾಸ್ಟರು ತೆಗೆದ ಕೈ ಇನ್ನೂ ಬಡಕಲಾಗಿತ್ತು, ಬಣ್ಣ ಬೇರೆಯಾಗಿತ್ತು. ಇವಳು ಈಗಲೂ ಅತ್ತೆಯ ಮಾತಿಗೆ ಕಟ್ಟುಬಿದ್ದು ಅವನನ್ನು ಮನೆಗೆ ಕರೆದುಕೊಂಡು ಹೋಗುತ್ತಾಳೆ ಅಂತಲೇ ನನಗೆ ಖಾತ್ರಿಯಿತ್ತು.

"ಹೇಳೋದೆಲ್ಲ ಮೊದಲೇ ಹೇಳಿದ್ದೀನಿ ಸ್ವಾಮಿ. ಏಟೆಲ್ಲ ಕುದುರೆಗೇ. ನನಗೆ ಯಾರೂ ಹೊಡೆದಿಲ್ಲ" ಅಂದಳು, ಕೂತಳು.

ಒಂದೂವರೆ ವರ್ಷ ಜೈಲು. ಕುದುರೆಯನ್ನು ವಾಪಸು ಕೊಡುವುದಿಲ್ಲ. ಬಿಡುಗಡೆಯಾದ ಮೇಲೂ ಐದು ವರ್ಷ ಅವನು ಯಾವ ಪ್ರಾಣಿಯನ್ನೂ ಸಾಕಬಾರದು, ಪ್ರಾಣಿ ಇರುವ ಮನೆಯಲ್ಲಿ ವಾಸ ಮಾಡಬಾರದು. ನ್ಯಾಯಾಧೀಶರು ಇದನ್ನೆಲ್ಲ ಸೀನುಗಳ ನಡುವೆ ಓದಿ ಮುಗಿಸಿದರು. ಹೆಂಡತಿಯ ವಿಷಯ ಅದರಲ್ಲಿ ಎಲ್ಲೂ ಬರಲಿಲ್ಲ. ಬರಲು ದಾರಿಯೂ ಇರಲಿಲ್ಲ.

ಹೊರಗೆ ಮೊಗಸಾಲೆಯಲ್ಲಿ ಪೊಲೀಸಿನವರು ಅವನನ್ನು ಕರೆದುಕೊಂಡು ಬಂದರು. ಅವನು ಅವಳ ಮುಂದೆ ನಿಂತ. ಪೊಲೀಸಿನವನು ಮನುಷ್ಯತ್ವ ಇದ್ದವನು, ಎಳೆಯಲಿಲ್ಲ.

"ನಿನಗೂ ಹೊಡೆದೆ ಅಂತ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಅಂದ. ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು.

"ನೀವು ನನಗೆ ಹೊಡೆದಿದ್ದೀರಾ?" ಅಂತ ಕೇಳಿದಳು.

ಜೋರಾಗಿ ಕೇಳಲಿಲ್ಲ. ಆದರೂ ವಕೀಲ ತಿರುಗಿದ, ಮಂಡಿಯ ಗೆಳೆಯರು ತಿರುಗಿದರು, ಬೆಂಚಿನ ಮೇಲೆ ತಮ್ಮ ಸರದಿ ಕಾಯುತ್ತಿದ್ದವರೂ ನೋಡಿದರು. ಅವನು ಎಲ್ಲರ ಮುಖ ನೋಡಿದ. ಕೊನೆಗೆ ಅಮ್ಮನ ಮುಖ ನೋಡಿದ. ಅತ್ತೆ ಗೋಡೆಯ ಕಡೆ ತಿರುಗಿಕೊಂಡರು.

"ಹೂಂ" ಅಂದ. "ಹೊಡೆದಿದ್ದೀನಿ."

"ಒಳಗೆ ಹೇಳಬಹುದಿತ್ತಲ್ಲ. ಅವರು ಮೊದಲು ಕೇಳಿದ್ದು ನಿಮ್ಮನ್ನೇ."

ಪೊಲೀಸಿನವನು ಅವನ ತೋಳು ಮುಟ್ಟಿ "ನಡಿ" ಅಂದ. ಅವರು ಇಳಿದುಹೋದ ಮೇಲೆ ಗಂಜಿ ಅಕ್ಕ ಅತ್ತೆಯ ಹತ್ತಿರ ಹೋಗಿ ನಿಂತಳು. ಅತ್ತೆ ತಿರುಗಲಿಲ್ಲ. ಅವಳು ಕಾದಳು. ನಾನೂ ಕಾದೆ. ಅತ್ತೆ ಗೋಡೆ ನೋಡುತ್ತಲೇ ಹಿಂದಕ್ಕೆ ಕೈ ಚಾಚಿದರು. ಅವಳು ಹಿಡಿದುಕೊಂಡಳು.